ಮಳೆಯಲ್ಲಿ ಮದ್ದಳೆ

ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಮೊದಲನೆಯ ಅಂಕದಲ್ಲಿ, ಸಂಗೀತಶಾಲೆಯಿಂದ ಪುಷ್ಕರವಾದ್ಯದ ಧ್ವನಿ ತೇಲಿಬಂದಾಗ ನವಿಲುಗಳು ಅದನ್ನು ಮೋಡದ ಗುಡುಗೆಂದು ಭ್ರಮಿಸಿ ಕತ್ತೆತ್ತುವ ಸಂದರ್ಭವೊಂದುಂಟು. ಭ್ರಾಂತಿಮದಲಂಕಾರವನ್ನು ಪಾಠ ಮಾಡುವಾಗ ನಾನು ವರ್ಷವರ್ಷವೂ ಇದನ್ನು ತಪ್ಪದೆ ಹೇಳುತ್ತೇನೆ. ಕಳೆದ ಸಲ ಹೀಗೆ ಹೇಳಿ ಮುಗಿಸುತ್ತಿದ್ದಂತೆ, ಹಿಂದಿನ ಬೆಂಚಿನಿಂದ ಕರಾವಳಿಯ ಕಡೆಯ ಹುಡುಗನೊಬ್ಬ ಎದ್ದು ನಿಂತು, “ಸರ್, ನಿಜವಾದ ಮಳೆಯೇ ಬಂದರೆ ಮೃದಂಗದ ಗತಿ ಏನು?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು, “ಅದು ಅಲಂಕಾರಶಾಸ್ತ್ರಕ್ಕೆ ಸೇರಿದ ಪ್ರಶ್ನೆಯಲ್ಲಪ್ಪ” ಎಂದು ಪುಟ ತಿರುವಿದೆ. ಹುಡುಗ ನಗಲಿಲ್ಲ. ಅವನ ತಂದೆ ಮದ್ದಳೆ ಬಾರಿಸುವವರೆಂಬುದು ಆಮೇಲೆ ತಿಳಿಯಿತು.

ಆ ನಗು ಎರಡು ದಿನ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಏಕೆಂದರೆ ಆ ಪ್ರಶ್ನೆಗೂ ನನಗೂ ಹಳೆಯ ಬಾಕಿಯೊಂದಿದೆ. ಅದನ್ನು ಮುಂದೆ ಹೇಳುತ್ತೇನೆ. ಸದ್ಯಕ್ಕೆ ಶಾಸ್ತ್ರದ ಮಾತನ್ನೇ ಮುಗಿಸೋಣ. ಏಕೆಂದರೆ ಅದು ಅಲಂಕಾರಶಾಸ್ತ್ರದ ಪ್ರಶ್ನೆಯಲ್ಲವಾದರೂ ನಾಟ್ಯಶಾಸ್ತ್ರದ ಪ್ರಶ್ನೆಯಂತೂ ಹೌದು.

ಭರತನು ಅವನದ್ಧವಾದ್ಯಗಳನ್ನು ಕುರಿತು ಹೇಳುವ ಅಧ್ಯಾಯದ ಆರಂಭದಲ್ಲಿ ಸ್ವಾತಿ ಎಂಬ ಮುನಿಯ ಕಥೆ ಬರುತ್ತದೆ. ಅನಧ್ಯಯನದ ಒಂದು ದಿನ, ಮೋಡ ಕವಿದ ಹೊತ್ತಿನಲ್ಲಿ, ಸ್ವಾತಿ ನೀರು ತರಲು ಕೊಳಕ್ಕೆ ಹೋಗುತ್ತಾನೆ. ಮಳೆ ಸುರಿಯತೊಡಗುತ್ತದೆ. ತಾವರೆಯ ಎಲೆಗಳು ದೊಡ್ಡವು, ನಡುತರದವು, ಚಿಕ್ಕವು. ಒಂದೊಂದರ ಮೇಲೂ ಹನಿ ಬಿದ್ದಾಗ ಒಂದೊಂದು ಬಗೆಯ ನಾದ. ಮುನಿ ಅದನ್ನು ಮನಸ್ಸಿಟ್ಟು ಕೇಳಿ, ಆಶ್ರಮಕ್ಕೆ ಹಿಂತಿರುಗಿ, ವಿಶ್ವಕರ್ಮನ ನೆರವಿನಿಂದ ಮೃದಂಗಾದಿ ವಾದ್ಯಗಳನ್ನು ನಿರ್ಮಿಸುತ್ತಾನೆ. ಪುಷ್ಕರವೆಂದರೆ ತಾವರೆ, ಪುಷ್ಕರವೆಂದರೆ ವಾದ್ಯ. ಕಥೆ ಬಹಳ ಸೊಗಸಾದದ್ದು. ಆದರೆ ನಮ್ಮ ಹಿಂದಿನ ಬೆಂಚಿನ ಹುಡುಗನ ಕಣ್ಣಿನಿಂದ ನೋಡಿದರೆ ಅದರಲ್ಲಿ ಒಂದು ವಿಷಯ ಎದ್ದು ಕಾಣುತ್ತದೆ: ಸ್ವಾತಿ ವಾದ್ಯವನ್ನು ಕಟ್ಟಿದ್ದು ಕೊಳದ ದಡದಲ್ಲಲ್ಲ, ಆಶ್ರಮಕ್ಕೆ ಬಂದ ಮೇಲೆ, ಸೂರಿನ ಕೆಳಗೆ. ಮಳೆಯಿಂದ ಕಲಿತ ನಾದವನ್ನು ಮಳೆಯ ಕೈಗೆ ಸಿಗದಂತೆ ಕಾಯಬೇಕಾದ ಪಾಡು ವಾದ್ಯಕ್ಕೆ ಹುಟ್ಟಿನಿಂದಲೇ ಬಂದಿತು.

ತೊಗಲಿಗೆ ನೀರೆಂದರೆ ಏಕಿಷ್ಟು ಭಯ? ಸಿ. ವಿ. ರಾಮನ್ ಅವರು 1920ರಲ್ಲಿ ಶಿಷ್ಯರೊಬ್ಬರೊಡನೆ, ಮತ್ತೆ 1934ರಲ್ಲಿ ಬೆಂಗಳೂರಿನಿಂದ ಪ್ರಕಟಿಸಿದ ಪ್ರಬಂಧದಲ್ಲಿ, ನಮ್ಮ ಮೃದಂಗ ತಬಲಾಗಳ ರಹಸ್ಯವನ್ನು ಬಿಡಿಸಿ ತೋರಿಸಿದರು. ಸಾಮಾನ್ಯವಾದ ದುಂಡು ತೊಗಲನ್ನು ಬಡಿದರೆ ಏಳುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ; ಸದ್ದಾಗುತ್ತದೆ, ಸ್ವರವಾಗುವುದಿಲ್ಲ. ನಡುವೆ ಹಾಕುವ ಕಪ್ಪು ಕರಣೆಯ ಭಾರದಿಂದ ಆ ಉಪಸ್ವರಗಳು ಒಂದು ಲೆಕ್ಕಕ್ಕೆ ಬಂದು, ತಂತಿವಾದ್ಯದಲ್ಲಿರುವಂತೆ ಸಂವಾದಿಯಾಗುತ್ತವೆ. ಅಂದರೆ ಮದ್ದಳೆಯ ಸ್ವರ ನಿಂತಿರುವುದು ತೂಕ ಮತ್ತು ಬಿಗಿ ಎಂಬ ಎರಡು ಕಾಲುಗಳ ಮೇಲೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ತೊಗಲು ಅದನ್ನು ಕುಡಿಯುತ್ತದೆ. ಕುಡಿದಷ್ಟೂ ತೂಕ ಏರುತ್ತದೆ, ಬಿಗಿ ಸಡಿಲುತ್ತದೆ. ಎರಡರ ಪರಿಣಾಮವೂ ಒಂದೇ ದಿಕ್ಕಿಗೆ: ಶ್ರುತಿ ಇಳಿಯುತ್ತದೆ. ಮಳೆಯ ಹನಿ ತಾಗಲೇಬೇಕೆಂದಿಲ್ಲ. ಮಳೆ ಬರುವ ಮುಂಚಿನ ಆ ಸೆಕೆ, ಆ ತಣ್ಣನೆಯ ಗಾಳಿ, ಅಷ್ಟೇ ಸಾಕು. ಅತ್ತ ಶ್ರುತಿಪೆಟ್ಟಿಗೆಯ ಷಡ್ಜ ಮಾತ್ರ ಕದಲುವುದಿಲ್ಲ. ಅದು ಇದ್ದಲ್ಲೇ ಇದ್ದು ಮದ್ದಳೆಯ ಮೇಲೆ ಇಡೀ ರಾತ್ರಿ ಚಾಡಿ ಹೇಳುತ್ತಿರುತ್ತದೆ.

ಇನ್ನು ನನ್ನ ಬಾಕಿಯ ವಿಚಾರ.

2017ರ ಮೇ ತಿಂಗಳು. ಉಡುಪಿಗೆ ದಕ್ಷಿಣದ ಒಂದು ಹಳ್ಳಿಯಲ್ಲಿ, ಕೊಯ್ಲಾಗಿ ಒಣಗಿ ನಿಂತ ಗದ್ದೆಯಲ್ಲಿ, ಹರಕೆಯ ಆಟ. ಪ್ರಸಂಗ ‘ದೇವಿಮಹಾತ್ಮೆ’. ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಪತ್ತನಾಜೆಗೆ, ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನಕ್ಕೆ, ಇನ್ನು ಒಂದೇ ವಾರವಿತ್ತು. ಮಹಿಷಾಸುರ ದೊಂದಿಗಳ ನಡುವೆ ಸಭೆಯನ್ನು ಸೀಳಿಕೊಂಡು ಬಂದದ್ದು, ಚೆಂಡೆಯ ಅಬ್ಬರ, ಮಕ್ಕಳು ತಾಯಂದಿರ ಮಡಿಲು ಸೇರಿದ್ದು, ಎಲ್ಲವೂ ಆಗಿ ಮಹಿಷವಧೆ ಮುಗಿಯುವ ಹೊತ್ತಿಗೆ ಪಡುವಣ ದಿಕ್ಕಿನಲ್ಲಿ ಮಿಂಚು ಕಾಣಿಸಿತು. ಚಂಡಮುಂಡರ ಪ್ರವೇಶಕ್ಕೆ ಮಳೆ ಶುರು. ಅರ್ಧಕ್ಕರ್ಧ ಜನ ಎದ್ದು ಮನೆಗಳ ಜಗಲಿ ಸೇರಿದರು. ಆಟ ನಿಲ್ಲಲಿಲ್ಲ. ಹರಕೆಯ ಆಟವನ್ನು ಮಂಗಳ ಹಾಡದೆ ಅರ್ಧಕ್ಕೆ ಬಿಡುವುದಕ್ಕೆ ಆಡಿಸುವವರೂ ಒಪ್ಪುವುದಿಲ್ಲ, ಆಡುವವರೂ ಒಪ್ಪುವುದಿಲ್ಲ. ರಂಗಸ್ಥಳಕ್ಕೆ ಮಾಡಿತ್ತು, ಆದರೆ ಗಾಳಿ ಓರೆಯಾಗಿ ಬೀಸುತ್ತಿದ್ದುದರಿಂದ ಎರಚಲು ಹಿಮ್ಮೇಳದವರ ಬೆನ್ನಿಗೇ ಬಡಿಯುತ್ತಿತ್ತು. ಯಾರೋ ಒಬ್ಬರು ಕೊಡೆ ಹಿಡಿದು ನಿಂತರು. ಕೊಡೆ ಭಾಗವತರ ತಲೆಯ ಮೇಲಿರಲಿಲ್ಲ, ಮದ್ದಳೆಯ ಮೇಲಿತ್ತು. ಇದನ್ನು ನಾನು ಆಗ ಕಂಡಿದ್ದೆ, ಆದರೆ ಅದರ ಅರ್ಥ ನನಗೆ ಹೊಳೆಯಲಿಲ್ಲ.

ಬೆಳಗಿನವರೆಗೂ ಕೂತು ನೋಡಿದ ಹೆಮ್ಮೆಯಲ್ಲಿ ನಾನು ಒಂದು ಪತ್ರಿಕೆಗೆ ವಿಮರ್ಶೆ ಬರೆದೆ. ರಕ್ತಬೀಜನ ಅರ್ಥಗಾರಿಕೆಯನ್ನು ಮೆಚ್ಚಿ ಮೂರು ಪ್ಯಾರಾ. ಕೊನೆಯಲ್ಲಿ ಎರಡು ವಾಕ್ಯ: ಮದ್ದಳೆಗಾರರು ಶ್ರುತಿಯ ವಿಷಯದಲ್ಲಿ ಉದಾಸೀನರಾಗಿದ್ದರು, ಭಾಗವತರ ಕಂಠವೂ ಕಡೆಯ ಜಾವದಲ್ಲಿ ಕುಸಿಯಿತು. ಬರೆದಾಗ ನನಗೆ ತೃಪ್ತಿಯೇ ಆಗಿತ್ತು. ಬರಿಯ ಹೊಗಳಿಕೆ ವಿಮರ್ಶೆಯಾಗದು, ಎರಡು ಕಹಿಮಾತು ಇದ್ದರೆ ಬರಹಕ್ಕೆ ತೂಕ ಎಂಬ ನಂಬಿಕೆ ಆ ಕಾಲಕ್ಕೆ ನನ್ನಲ್ಲಿ ಬಲವಾಗಿತ್ತು.

2024ರ ಮೇ ತಿಂಗಳಲ್ಲಿ, ತರಗತಿಯ ಆ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದ್ದಾಗ, ಅದೇ ಮದ್ದಳೆಗಾರರು ಇದ್ದ ಆಟಕ್ಕೆ ಹೋದೆ. ಆಟ ನೋಡುವುದಕ್ಕಿಂತ ಚೌಕಿಯಲ್ಲಿ ಕೂರುವುದೇ ನನ್ನ ಉದ್ದೇಶವಾಗಿತ್ತು. ಹೆಸರು ಹೇಳಿಕೊಂಡೊಡನೆ ಅವರಿಗೆ ಗುರುತು ಸಿಕ್ಕಿತು. ಮುಖ ಗಂಟುಹಾಕಲಿಲ್ಲ. “ಕೂತುಕೊಳ್ಳಿ ಮಾಷ್ಟ್ರೇ” ಎಂದು ಚಾಪೆ ತೋರಿಸಿದರು. ಬಳಿಯಲ್ಲಿ ಮೂರು ಮದ್ದಳೆಗಳು, ಮಲಗಿದ ಮಕ್ಕಳಂತೆ, ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಬಿದ್ದಿದ್ದವು. ಪಂಚೆಯ ಮೇಲೆ ಪ್ಲಾಸ್ಟಿಕ್ ಹಾಳೆ. ಮೊದಲು ಬಟ್ಟೆ, ಆಮೇಲೆ ಪ್ಲಾಸ್ಟಿಕ್. ಬರಿಯ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಒಳಗೇ ಬೆವರಿ, ಮಳೆಯಲ್ಲಿ ಬಿಟ್ಟದ್ದಕ್ಕಿಂತ ಹೆಚ್ಚು ಕೆಡುತ್ತದಂತೆ. ಇದು ನಾನು ಕಲಿತ ಮೊದಲನೆಯ ಪಾಠ.

ಹಳೆಯ ವಿಮರ್ಶೆಯ ಮಾತನ್ನು ನಾನೇ ತೆಗೆದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

“ನೀವು ಬರೆದದ್ದು ಸುಳ್ಳಲ್ಲ ಮಾಷ್ಟ್ರೇ. ಶ್ರುತಿ ಇಳಿದಿತ್ತು. ಆದರೆ ಇಳಿದದ್ದು ನಮಗೆ ಗೊತ್ತೇ ಇರಲಿಲ್ಲ ಅನ್ನುವ ಹಾಗೆ ಬರೆದಿದ್ದೀರಲ್ಲ, ಅದೊಂದು ಬೇಡವಾಗಿತ್ತು.”

“ಬಾರು ಬಿಗಿದು ಏರಿಸಬಹುದಿತ್ತಲ್ಲವೇ?” ಎಂದೆ.

“ಬಿಗಿಯಬಹುದು. ಒದ್ದೆಯಲ್ಲಿ ಬಿಗಿದದ್ದು ಬೆಳಿಗ್ಗೆ ಬಿಸಿಲು ಬಂದಾಗ ತನ್ನಷ್ಟಕ್ಕೇ ಇನ್ನೂ ಬಿಗಿದು ಹರಿದುಹೋಗುತ್ತದೆ. ಮರುದಿವಸ ಬೇರೆ ಊರಲ್ಲಿ ಆಟ. ಅಲ್ಲಿ ಏನು ಬಾರಿಸುವುದು?”

“ಬೆಂಕಿಗೆ ಹಿಡಿದರೆ?”

“ತಮಟೆಗಾದರೆ ಸರಿ. ಇದಕ್ಕೆ ಕರಣೆ ಉಂಟಲ್ಲ. ಕಾವು ಒಂದು ಚೂರು ಹೆಚ್ಚಾದರೆ ಬಿರುಕು ಬಿಡುತ್ತದೆ.”

ಬದಲಿ ಮದ್ದಳೆ ಇರಲಿಲ್ಲವೇ ಎಂದು ಕೇಳಿದೆ. ಇತ್ತು. ಹಿಂದಿನ ರಾತ್ರಿಯ ಆಟದಲ್ಲಿಯೂ ಮಳೆ. ಅದು ಇನ್ನೂ ಆರಿರಲಿಲ್ಲ. ದಿನಕ್ಕೊಂದು ಊರು ತಿರುಗುವವರ ವಾದ್ಯಕ್ಕೆ ಆರುವುದಕ್ಕೂ ಬಿಡುವಿಲ್ಲ.

ಆಮೇಲೆ ಅವರು ಹೇಳಿದ್ದು ನನ್ನ ವಿಮರ್ಶೆಯ ಎರಡನೆಯ ವಾಕ್ಯದ ಬುಡವನ್ನೇ ಕಿತ್ತುಹಾಕಿತು. ಚಂಡಮುಂಡರ ಯುದ್ಧ ಮುಗಿಯುವಾಗ ಅವರು ಭಾಗವತರ ಕಡೆ ಒಮ್ಮೆ ನೋಡಿದರಂತೆ. ಭಾಗವತರು ತಲೆಯಾಡಿಸಿ, ಪದ್ಯಕ್ಕೂ ಪದ್ಯಕ್ಕೂ ನಡುವೆ ಮಾತು ನಡೆಯುತ್ತಿದ್ದ ಹೊತ್ತಿನಲ್ಲಿ, ಶ್ರುತಿಪೆಟ್ಟಿಗೆಯ ಕಿವಿ ಹಿಂಡಿ ಕಪ್ಪು ಮೂರರಿಂದ ಬಿಳಿ ನಾಲ್ಕಕ್ಕೆ ಇಳಿಸಿಕೊಂಡರು. ಅರ್ಧ ಮನೆ. ಮದ್ದಳೆ ಎಲ್ಲಿಗೆ ಇಳಿದಿತ್ತೋ ಅಲ್ಲಿಗೆ ಹಾಡುವವರೂ ಇಳಿದು ಬಂದರು. ನಾನು ಕೇಳಿದ ‘ಕಂಠದ ಕುಸಿತ’ ಇದು! ಒಂದೇ ನಿರ್ಧಾರವನ್ನು ನಾನು ಎರಡು ದೋಷಗಳಾಗಿ ಎಣಿಸಿದ್ದೆ. ಮೊದಲು ಮದ್ದಳೆಯೊಂದೇ ಇಳಿದಿದ್ದ ಆ ಹತ್ತು ನಿಮಿಷದ ವಿಸಂವಾದ ನನ್ನ ಕಿವಿಯಲ್ಲಿ ಉಳಿಯಿತು; ಅನಂತರದ ಮೂರು ತಾಸಿನ ಸಂವಾದ ಕಿವಿಗೆ ಬೀಳಲೇ ಇಲ್ಲ. ಹಿಮ್ಮೇಳದವರು ಪರಸ್ಪರ ನೋಡಿಕೊಂಡ ಆ ನೋಟವನ್ನು ಕಾಣಬೇಕಾಗಿದ್ದ ಸಮಯದಲ್ಲಿ ನಾನು ಪ್ರಾಯಶಃ ಮೊಣಕಾಲಿನ ಮೇಲಿನ ಪುಸ್ತಕಕ್ಕೆ ಮಳೆ ತಾಗದಂತೆ ಕಾಯುತ್ತಿದ್ದೆ.

ಹೊರಡುವಾಗ ಚೆಂಡೆಯವರೊಬ್ಬರು ಗದ್ದೆಯ ಅಂಚಿನವರೆಗೆ ಬಂದರು. ಆ ವಿಮರ್ಶೆಯ ತುಣುಕು ಮೇಳದ ಯಜಮಾನರ ಕೈಗೂ ಹೋಗಿತ್ತೆಂದೂ, ಮರುವರ್ಷದ ತಿರುಗಾಟದಲ್ಲಿ ಮದ್ದಳೆಯವರನ್ನು ನಡುರಾತ್ರಿಯ ಪ್ರಸಂಗದಿಂದ ತೆಗೆದು ಸಂಜೆಯ ಪೂರ್ವರಂಗಕ್ಕೆ, ಕಲಿಯುವ ಹುಡುಗರ ಜತೆ, ಕೂರಿಸಿದರೆಂದೂ ಅವರಿಂದ ತಿಳಿಯಿತು. ಎರಡು ವರ್ಷ ಹಾಗೆ ನಡೆಯಿತಂತೆ. ಮದ್ದಳೆಯವರು ಇದನ್ನು ನನ್ನೆದುರು ಆಡಿರಲಿಲ್ಲ.

ಇದನ್ನು ಬರಿಯ ಪಶ್ಚಾತ್ತಾಪವೆಂದು ವಾಚಕರು ಎಣಿಸಬಾರದು. ನಮ್ಮ ಯಕ್ಷಗಾನ ವಿಮರ್ಶೆಯ ರೂಢಿಯಲ್ಲೇ ಒಂದು ಕೊರತೆಯಿದೆಯೆಂದು ನನಗೆ ತೋರುತ್ತದೆ. ವೇಷ, ಕುಣಿತ, ಅರ್ಥಗಾರಿಕೆ, ಸಂಪ್ರದಾಯ, ಇವುಗಳ ಬಗ್ಗೆ ನಾವು ಬರೆಯದ ಮಾತಿಲ್ಲ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ 1957ರಲ್ಲಿ ಹೊರಬಂದು, 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಮೇಲೆ ಈ ಕಲೆಯನ್ನು ಗಂಭೀರವಾಗಿ ನೋಡುವ ಕಣ್ಣು ನಮಗೆ ಬಂದಿತು. ಆದರೆ ಆ ಪುಸ್ತಕದ ಹೆಸರಿನಲ್ಲೇ ಇರುವ ‘ಬಯಲು’ ಎಂಬ ಮಾತನ್ನು ನಾವು ಗಮನಿಸಿದ್ದು ಕಡಮೆ. ಬಯಲೆಂದರೆ ನಮಗೆ ಟಿಕೆಟ್ಟಿಲ್ಲದ್ದು, ಗೋಡೆಯಿಲ್ಲದ್ದು ಎಂದಷ್ಟೇ ಅರ್ಥ. ಬಯಲಿನಲ್ಲಿ ಮಂಜು, ಗಾಳಿ, ಸೆಕೆ, ಎರಚಲು ಎಂಬ ನಾಲ್ವರು ಹಿಮ್ಮೇಳದ ಪಕ್ಕದಲ್ಲೇ ಕೂತಿರುತ್ತಾರೆ. ಪುರಭವನದಲ್ಲಿ ಕೂತು ಕಲಿತ ಕಿವಿಯಿಂದ ಗದ್ದೆಯಲ್ಲಿ ಕೂತವರನ್ನು ಅಳೆಯುವುದು ಹೇಗೆ?

ಹಾಗೆಂದು ಬಯಲಿನಲ್ಲಿ ಶ್ರುತಿ ಹೇಗಿದ್ದರೂ ನಡೆಯುತ್ತದೆಂಬ ದಯೆಯ ವಾದವೂ ನನಗೆ ಒಪ್ಪಿಗೆಯಿಲ್ಲ. ಅದು ಕಲಾವಿದನಿಗೆ ಮಾಡುವ ಅವಮಾನ. ಆ ಮದ್ದಳೆಯವರೇ ಅದನ್ನು ಒಪ್ಪುತ್ತಿರಲಿಲ್ಲ. ಶ್ರುತಿ ಇಳಿದದ್ದು ಹೌದೆಂದು ಮೊದಲು ಹೇಳಿದವರು ಅವರೇ. ಇಳಿದದ್ದನ್ನು ಕೇಳಬೇಕು, ಇಳಿದ ಮೇಲೆ ಏನು ಮಾಡಿದರೆಂಬುದನ್ನೂ ಕೇಳಬೇಕು. ಎರಡನೆಯದಕ್ಕೆ ಕಿವಿ ಮಾತ್ರ ಸಾಲದು, ಕಣ್ಣೂ ಬೇಕು. ಮಳೆಗಾಲದ ಅಂಚಿನಲ್ಲಿ ತೊಗಲು ಹೇಗೆ ವರ್ತಿಸುತ್ತದೆಂಬ ತಿಳಿವಳಿಕೆಯೂ ಬೇಕು.

ಕಾರಂತರು ತಮ್ಮ ಪ್ರಯೋಗಗಳಲ್ಲಿ ಹಿಮ್ಮೇಳಕ್ಕೆ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ತಂದಾಗ, ಸ್ವರ ನಿಲ್ಲುವ ವಾದ್ಯಗಳು ಬೇಕೆಂಬ ಅವರ ಹಂಬಲ ಅರ್ಥವಾಗುವಂಥದ್ದೇ. ಆದರೆ ಪಿಟೀಲನ್ನು ಎರಚಲಿಗೆ ಒಡ್ಡಿ ನೋಡಿ. ಅದರ ಹಲಗೆಗಳನ್ನು ಕೂಡಿಸಿರುವುದು ತೊಗಲಿನಿಂದ ಕಾಸಿದ ಸರೇಸಿನಿಂದ. ತೇವ ಹಿಡಿದರೆ ಬೆಸುಗೆ ಬಿಡುತ್ತದೆ. ಹಿತ್ತಾಳೆಯ ಸ್ಯಾಕ್ಸೊಫೋನಿನಲ್ಲಿಯೂ ರಂಧ್ರಗಳನ್ನು ಮುಚ್ಚುವ ಬಿಲ್ಲೆಗಳಿಗೆ ಹೊದಿಸಿರುವುದು ತೊಗಲೇ. ಕಛೇರಿ ಸಂಗೀತದವರಿಗೂ ಇದು ತಪ್ಪಿದ್ದಲ್ಲ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ, 1939ರಿಂದ ನಡೆದುಬಂದಿರುವ ರಾಮೋತ್ಸವದ ಚಪ್ಪರದ ಕಛೇರಿಗಳಿಗೆ ಹೋದವರಿಗೆ ಏಪ್ರಿಲ್ಲಿನ ಸಂಜೆಯ ಮಾವಿನ ಮಳೆ ಹೊಸತಲ್ಲ. ತಗಡಿನ ಮೇಲೆ ಮಳೆ ಬಡಿಯುತ್ತಿರುವಾಗ ಮೃದಂಗದವರು ಕಲ್ಲು ಹಿಡಿದು ಅಂಚು ತಟ್ಟುತ್ತ ಕೂರುವುದನ್ನು ಕಾಣಬಹುದು. ಅಲ್ಲಿ ನಾವು ಯಾರೂ ಅವರನ್ನು ಉದಾಸೀನರೆನ್ನುವುದಿಲ್ಲ. ‘ಪಾಪ, ಮಳೆ’ ಎನ್ನುತ್ತೇವೆ. ಚಪ್ಪರಕ್ಕೆ ಒಂದು ನ್ಯಾಯ, ಗದ್ದೆಗೆ ಇನ್ನೊಂದು.

ಮದ್ದಳೆಯವರು ಇನ್ನೊಂದು ಸಂಗತಿ ಹೇಳಿದರು; ನಾನು ಯಾವ ಪುಸ್ತಕದಲ್ಲಿಯೂ ಓದದ್ದು. ಅವರ ಗುರುಗಳ ಕಾಲದಲ್ಲಿ ರಂಗಸ್ಥಳಕ್ಕೆ ಗ್ಯಾಸ್‌ಲೈಟು. ಅದಕ್ಕೂ ಹಿಂದೆ ಎಣ್ಣೆಯ ದೀವಟಿಗೆ. ಬೆಳಕಿನೊಂದಿಗೆ ಕಾವೂ ಇತ್ತು. ಚೌಕಿಯಲ್ಲಿ ಗ್ಯಾಸ್‌ಲೈಟಿನಿಂದ ಎರಡು ಮೊಳ ದೂರದಲ್ಲಿ ಮದ್ದಳೆ ಇಟ್ಟರೆ ತೇವ ಮೆಲ್ಲಗೆ ಹೋಗುತ್ತಿತ್ತು, ಕರಣೆಗೂ ಅಪಾಯವಿರಲಿಲ್ಲ. ಈಗಿನ ಎಲ್‌ಇಡಿ ದೀಪದಲ್ಲಿ ಬೆಳಕು ಹತ್ತುಪಟ್ಟು, ಕಾವು ಇಲ್ಲವೆಂದೇ ಹೇಳಬೇಕು. ನಟರ ಬಣ್ಣ ಕರಗುವುದಿಲ್ಲ, ಅದು ಒಳ್ಳೆಯದೇ. ಆದರೆ ವಾದ್ಯಕ್ಕಿದ್ದ ಒಲೆಯೊಂದು ಆರಿಹೋಯಿತು. ಯಕ್ಷಗಾನದ ಬೆಳಕಿನ ವಿನ್ಯಾಸವನ್ನು ಕುರಿತು ವಿಚಾರಗೋಷ್ಠಿಗಳಲ್ಲಿ ನಾನು ಎಷ್ಟೋ ಪ್ರಬಂಧ ಕೇಳಿದ್ದೇನೆ. ಅವುಗಳಲ್ಲಿ ಮದ್ದಳೆಯ ಹೆಸರೇ ಬಂದಿರಲಿಲ್ಲ.

ಮಳೆಯಿಂದಲೇ ಒಂದು ಕಲಾಪ್ರಕಾರ ಹುಟ್ಟಿತೆಂದು ನಮ್ಮ ಕಡೆ ಹೇಳುವವರುಂಟು. ಮಳೆಗಾಲದಲ್ಲಿ ಬಯಲಾಟಕ್ಕೆ ಬಿಡುವು. ಆಗ ಹಿಮ್ಮೇಳವೂ ಅರ್ಥಧಾರಿಗಳೂ ವೇಷವಿಲ್ಲದೆ ದೇವಸ್ಥಾನದ ಪೌಳಿಯಲ್ಲೋ ಮನೆಯ ಚಾವಡಿಯಲ್ಲೋ ಕೂತು ಪ್ರಸಂಗ ನಡೆಸುವುದೇ ತಾಳಮದ್ದಳೆ. ಆದ್ದರಿಂದ ಅದು ಮಳೆಯ ಕೂಸು ಎಂದು ವಾದ. ಕೇಳಲು ಚೆಂದ. ಆದರೆ ತಾಳಮದ್ದಳೆಯ ಹೆಸರು ಕಾಣಿಸುವ 1556ರ ಶಾಸನ ಬಳ್ಳಾರಿ ಸೀಮೆಯ ಕುರುಗೋಡಿನ ಕಡೆಯದು. ಬಳ್ಳಾರಿಯ ಬಿಸಿಲನ್ನು ಬಲ್ಲವರು ಅಲ್ಲಿ ಮಳೆಗೆ ಹೆದರಿ ಒಳಗೆ ಕೂತರೆಂದು ನಂಬಲಾರರು. ಮಳೆ ಆ ಪ್ರಕಾರವನ್ನು ಹುಟ್ಟಿಸಿತೆನ್ನುವುದಕ್ಕಿಂತ, ಕರಾವಳಿಯಲ್ಲಿ ಅದನ್ನು ಸಾಕಿ ಬೆಳೆಸಿತೆನ್ನುವುದು ಸರಿಯಾದೀತು. ತಾಳಮದ್ದಳೆಯಲ್ಲಿ ವಾದ್ಯಕ್ಕೆ ಸೂರು ಸಿಕ್ಕಿತು, ನಿಜ. ತೇವ ಅಲ್ಲಿಗೂ ಬಂದೇ ಬರುತ್ತದೆ. ಆಷಾಢದಲ್ಲಿ ಒಂದು ಚಾವಡಿಯಲ್ಲಿ ಮದ್ದಳೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆಯ ನಡುವೆ, ತೂಗುಹಾಕಿದ್ದನ್ನು ನಾನು ಕಂಡಿದ್ದೇನೆ. ಅಕ್ಕಿಯ ಮುಡಿಯ ಪಕ್ಕದಲ್ಲಿ ಮದ್ದಳೆ. ಮನೆಯವರಿಗೆ ಎರಡರ ಮೇಲೂ ಒಂದೇ ಕಾಳಜಿ.

ಇಷ್ಟೆಲ್ಲ ಪಾಡು ಏಕೆ, ಪ್ಲಾಸ್ಟಿಕ್ಕಿನ ಪೊರೆ ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಪಶ್ಚಿಮದ ಡ್ರಮ್ಮುಗಳು 1957ರ ಸುಮಾರಿಗೇ ತೊಗಲನ್ನು ಬಿಟ್ಟು ಪಾಲಿಯೆಸ್ಟರ್ ಹಾಳೆಗೆ ತಿರುಗಿದವು. ನಮ್ಮಲ್ಲಿಯೂ ಕೃತಕ ಪೊರೆಯ ಮೃದಂಗ ಬಂದಿದೆ. ಮೆರವಣಿಗೆಗಳಲ್ಲಿ ಫೈಬರ್ ತಮಟೆ ಸಾಮಾನ್ಯವಾಗಿದೆ. ಮಳೆ ಬಂದರೂ ಅದರ ಸದ್ದು ಇಳಿಯದು, ಹುಲ್ಲು ಉರಿಸಿ ಕಾಯಿಸುವ ಕೆಲಸವಿಲ್ಲ. ನನ್ನ ಕಿವಿಗೆ ಅದರ ನಾದ ಒಣಕಲು. ಆದರೆ ಈ ಅಭಿಪ್ರಾಯವನ್ನು ನಾನು ಮೊದಲಿನಷ್ಟು ಗಟ್ಟಿಯಾಗಿ ಹೇಳಲಾರೆ. ನಡುರಾತ್ರಿ ಮಳೆಯಲ್ಲಿ ಮುಚ್ಚಿಗೆ ಹರಿದರೆ ಹೊಸದಕ್ಕೆ ಹಣ ತೆರುವವನು ನಾನಲ್ಲ. ಮದ್ದಳೆಯವರನ್ನೇ ಕೇಳಿದೆ. “ನೋಡಿದ್ದೇನೆ, ಬಾರಿಸಿಯೂ ನೋಡಿದ್ದೇನೆ. ಅದು ಇಳಿಯುವುದಿಲ್ಲ, ಸರಿ. ಆದರೆ ಬೆರಳಿಗೆ ಉತ್ತರ ಕೊಡುವುದಿಲ್ಲ ಮಾಷ್ಟ್ರೇ” ಎಂದರು. ಸ್ವಲ್ಪ ತಡೆದು, “ನನ್ನ ಮಗ ಬಾರಿಸುವ ಕಾಲಕ್ಕೆ ಕೊಟ್ಟೀತೇನೋ” ಎಂದೂ ಸೇರಿಸಿದರು. ಮಗ ಎಲ್ಲಿ ಓದುತ್ತಿದ್ದಾನೆಂದು ಕೇಳಿದಾಗ ನಮ್ಮ ಕಾಲೇಜಿನ ಹೆಸರು ಹೇಳಿದರು. ಹಿಂದಿನ ಬೆಂಚಿನ ಹುಡುಗ ಯಾರೆಂಬುದು ನನಗೆ ತಿಳಿದದ್ದು ಹೀಗೆ. ಮನೆಯಲ್ಲಿ ಆ ವಿಮರ್ಶೆಯ ತುಣುಕು ಅವನ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ನನ್ನ ಆ ವಿಮರ್ಶೆ ಅಚ್ಚಾಗಿದ್ದ ಪತ್ರಿಕೆಗೆ ತಿದ್ದುಪಡಿ ಬರೆದು ಕಳಿಸಿದೆ. ಏಳು ವರ್ಷದ ಹಿಂದಿನ ಆಟಕ್ಕೆ ಈಗ ತಿದ್ದುಪಡಿಯೇ ಎಂದು ಅವರು ಸೌಜನ್ಯದಿಂದಲೇ ಹಿಂದಿರುಗಿಸಿದರು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಆ ಬರಹವನ್ನು ಕತ್ತರಿಸಿ ಇಟ್ಟುಕೊಂಡವರು ಯಾರಾದರೂ ಇದ್ದರೆ ಕೊನೆಯ ಎರಡು ವಾಕ್ಯಗಳನ್ನು ಹೊಡೆದುಹಾಕಿ ಹೀಗೆ ಓದಿಕೊಳ್ಳಬೇಕು: ಚಂಡಮುಂಡರ ಪ್ರವೇಶದ ಹೊತ್ತಿಗೆ ಮಳೆ ಬಂದು ಮದ್ದಳೆ ಅರ್ಧ ಮನೆ ಇಳಿಯಿತು. ಮದ್ದಳೆಗಾರರು ಅದನ್ನು ಭಾಗವತರಿಗೆ ತಿಳಿಸಿದರು. ಭಾಗವತರು ಬಿಳಿ ನಾಲ್ಕಕ್ಕೆ ಇಳಿದು ಮಂಗಳದವರೆಗೂ ಅಲ್ಲೇ ಹಾಡಿದರು.